ತಪ್ಪಾದರೆ ಮುಂದಿನದಕ್ಕೆ ಹೋಗು

ಆ ಕೇಕಿನ ಮೇಲೆ ಹಸಿರು ಕ್ರೀಮಿನಲ್ಲಿ ‘ಶೇಕಡಾ ನೂರು’ ಎಂದು ಬರೆಸಿದ್ದರು. ಈಗಲೂ ನೆನೆಸಿಕೊಂಡರೆ ನನಗೆ ಹೇಸಿಗೆಯಾಗುತ್ತದೆ. ಕೇಕು ಕೆಟ್ಟಿರಲಿಲ್ಲ. ನಾನು ಎರಡು ತುಂಡು ತಿಂದೆ, ಅದೇ ನನ್ನನ್ನು ಕಾಡುವುದು.

ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿ, ಟೈರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಸುತ್ತಲಿನ ಸಣ್ಣ ಊರುಗಳ ಒಂಬತ್ತು ಕ್ಲಿನಿಕ್‌ಗಳು ಒಟ್ಟಾಗಿ ಒಂದೇ ಡೇಟಾಬೇಸಿಗೆ ಬರಬೇಕೆಂದು ತೀರ್ಮಾನಿಸಿದ್ದವು. ಹೊಸ ಸಾಫ್ಟ್‌ವೇರನ್ನು ಒಂದು ಕಂಪನಿ ಮಾರಿತ್ತು. ಹಳೆಯ ಒಂಬತ್ತು ಕಡೆಯ ದಾಖಲೆಗಳನ್ನು ತಂದು ಹೊಸದಕ್ಕೆ ತುಂಬುವ ಹೊಣೆಯೂ ಆ ಕಂಪನಿಯದೇ. ನಾನು ಕಂಪನಿಯವಳಲ್ಲ. ತುಂಬಿದ್ದು ಸರಿಯಾಗಿದೆಯೇ ಎಂದು ನೋಡಿ ಸಹಿ ಹಾಕಲು ಕ್ಲಿನಿಕ್‌ಗಳು ನೇಮಿಸಿಕೊಂಡ ಡೇಟಾಬೇಸ್ ಎಂಜಿನಿಯರ್. ಮೈಸೂರಿನಲ್ಲಿ ಕಲಿತ ಕೆಲಸ, ಇಲ್ಲಿ ಹದಿನಾರು ವರ್ಷದಿಂದ ಮಾಡುತ್ತಿದ್ದೇನೆ.

ತುಂಬಬೇಕಾದ ಸಾಲುಗಳು ಸುಮಾರು ಅರವತ್ತು ಲಕ್ಷ. ಅದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಎಚ್ಚರಿಕೆಗಳ ಪಟ್ಟಿ: ಯಾರಿಗೆ ಯಾವ ಔಷಧ ಆಗುವುದಿಲ್ಲ, ಯಾರಿಗೆ ಯಾವುದನ್ನು ಕೊಟ್ಟರೆ ಉಸಿರು ಕಟ್ಟುತ್ತದೆ ಎಂಬ ವಿವರ. ರೋಗಿಗಳ ಹೆಸರು ವಿಳಾಸ ಮೊದಲೇ ತೊಂದರೆಯಿಲ್ಲದೆ ಬಂದು ಕೂತಿತ್ತು. ಜಗಳ ಶುರುವಾದದ್ದು ಈ ಎಚ್ಚರಿಕೆಗಳ ಜೊತೆ.

ಡೇಟಾಬೇಸಿನಲ್ಲಿ ಟ್ರಾನ್ಸಾಕ್ಷನ್ ಎಂಬುದು ಹೊಳೆ ದಾಟುವ ದೋಣಿಯಿದ್ದಂತೆ. ಹತ್ತಿದವರೆಲ್ಲ ಆಚೆ ದಡ ಸೇರಬೇಕು, ಇಲ್ಲವೇ ಒಬ್ಬರೂ ಬಿಡದಂತೆ ಈಚೆ ದಡಕ್ಕೇ ವಾಪಸು ಬರಬೇಕು. ನಡುನೀರಿನಲ್ಲಿ ಅರ್ಧ ಜನರನ್ನು ಬಿಟ್ಟುಬರುವಂತಿಲ್ಲ. ಕಂಪನಿಯವರು ಮೊದಲ ಸಲ ಅರವತ್ತು ಲಕ್ಷವನ್ನೂ ಒಂದೇ ದೋಣಿಗೆ ಹತ್ತಿಸಿದರು. ಬೆಳಿಗ್ಗೆ ಎಂಟಕ್ಕೆ ಶುರುವಾದ ಕೆಲಸ ನಲವತ್ತೊಂದು ಲಕ್ಷದ ಹತ್ತಿರ ಬಂದು ನಿಂತಿತು. ಟ್ರಾನ್ಸಾಕ್ಷನ್ ಮುಗಿಯುವವರೆಗೂ ಮಾಡಿದ ಪ್ರತಿ ಬದಲಾವಣೆಯನ್ನೂ ಡೇಟಾಬೇಸ್ ತನ್ನ ಲಾಗ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆ ಲಾಗ್ ಇರುವ ಡಿಸ್ಕು ಭರ್ತಿಯಾಗಿತ್ತು. ಅಷ್ಟನ್ನೂ ಹಿಂದಕ್ಕೆ ತೆಗೆಯಲು ತುಂಬಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಎರಡನೆಯ ಸಲ ದೊಡ್ಡ ಡಿಸ್ಕು ಹಾಕಿದರು. ಆಗ ಬಿದ್ದದ್ದು ಬೇರೆ ಕಾರಣಕ್ಕೆ. ಕ್ಲಿನಿಕ್‌ಗಳ ಪರವಾಗಿ ಈ ಕೆಲಸ ನಡೆಸುತ್ತಿದ್ದ ಪ್ರಾಜೆಕ್ಟ್ ಮ್ಯಾನೇಜರಿಗೆ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಹಸಿರು ಪಟ್ಟಿ ಬೆಳೆಯುವುದನ್ನು ನೋಡುವ ಹುಚ್ಚು. ಆ ಪಟ್ಟಿಗಾಗಿ ನಿಮಿಷಕ್ಕೊಮ್ಮೆ ಅದೇ ಟೇಬಲ್ಲುಗಳನ್ನು ಎಣಿಸುವ ಒಂದು ಪ್ರೋಗ್ರಾಂ ಓಡುತ್ತಿತ್ತು. ತುಂಬುವವನ ಕೈಯಲ್ಲಿದ್ದದ್ದು ಎಣಿಸುವವನಿಗೆ ಬೇಕು, ಎಣಿಸುವವನು ಹಿಡಿದದ್ದು ತುಂಬುವವನಿಗೆ ಬೇಕು. ಇಬ್ಬರೂ ಬಿಡಲಿಲ್ಲ. ಕೊನೆಗೆ ಡೇಟಾಬೇಸು ಒಬ್ಬನನ್ನು ಬಲಿ ಕೊಡಬೇಕಾಗುತ್ತದೆ, ತುಂಬುವವನನ್ನೇ ಕೊಟ್ಟಿತು.

“ಆ ಪರದೆ ಆಫ್ ಮಾಡಿಸಿ” ಎಂದೆ ಮ್ಯಾನೇಜರಿಗೆ.

“ಆಗಲ್ಲ ಅನ್ಸುತ್ತೆ. ಬೋರ್ಡಿನವರು ನೋಡೋಕೆ ಬರ್ತಾರೆ” ಎಂದ ಅವನು. ಯಾವಾಗಲೂ ನಗುಮುಖದ, ಎಲ್ಲದಕ್ಕೂ ‘ಆಲ್ ಗುಡ್’ ಎನ್ನುವ ಅಪ್ಪಟ ನ್ಯೂಜಿಲೆಂಡಿಗ. “ಬೇರೆ ದಾರಿ ಹೇಳಿ.”

ಬೇರೆ ದಾರಿ ಹೇಳಿದ್ದು ನಾನೇ. ಐದೈದು ಸಾವಿರದ ಬ್ಯಾಚ್ ಮಾಡಿ, ಒಂದೊಂದು ಬ್ಯಾಚಿಗೂ ಬೇರೆ ಟ್ರಾನ್ಸಾಕ್ಷನ್ ಕೊಡಿ, ಯಾವ ಬ್ಯಾಚ್ ಮುಗಿಯಿತೆಂದು ಗುರುತು ಬರೆದಿಡಿ, ಬಿದ್ದರೆ ಅಲ್ಲಿಂದಲೇ ಮತ್ತೆ ಶುರುಮಾಡಬಹುದು ಎಂದೆ. ಸಣ್ಣ ದೋಣಿಗಳು, ಹೆಚ್ಚು ಸಲ ಓಡಾಟ. ಕಂಪನಿಯ ತಂಡದ ಮುಖ್ಯಸ್ಥ ಅದನ್ನು ಬರೆದ.

ಅವನು ಹುಬ್ಬಳ್ಳಿಯವನು. ನಲವತ್ತರ ಆಸುಪಾಸು, ಮಾತು ಕಡಿಮೆ. ಮೊದಲ ದಿನ ನನ್ನ ಹೆಸರು ನೋಡಿ “ನೀವು ಕನ್ನಡದೋರೇನ್ರಿ ಮೇಡಮ್?” ಎಂದು ಕೇಳಿದಾಗ ಇಬ್ಬರ ಮುಖವೂ ಅರಳಿತ್ತು. ಅವನ ಹೆಂಡತಿ ಮಾಡಿದ ಶೇಂಗಾ ಹಿಂಡಿ ಆಫೀಸಿನ ಫ್ರಿಜ್ಜಿನಲ್ಲಿ ಒಂದು ಡಬ್ಬಿ ನನ್ನ ಪಾಲಿಗೆಂದೇ ಇರುತ್ತಿತ್ತು.

ಮೂರನೆಯ ಓಟ ಒಂದು ಶುಕ್ರವಾರ ನಡೆಯಿತು. ಲೆಕ್ಕದ ಪ್ರಕಾರ ಆರು ಗಂಟೆ ಹಿಡಿಯಬೇಕು. ಐದೂವರೆ ಗಂಟೆಯಲ್ಲಿ ಮುಗಿಯಿತು. ಹಸಿರು ಪಟ್ಟಿ ಗೋಡೆಯ ಈ ತುದಿಯಿಂದ ಆ ತುದಿಗೆ ಮುಟ್ಟಿತು. ಎಲ್ಲರೂ ಚಪ್ಪಾಳೆ ಹೊಡೆದರು, ಆರ್ಡರ್ ಮಾಡಿಟ್ಟಿದ್ದ ಕೇಕು ಬಂತು. ನಾನು ನೋಟ್‌ಬುಕ್ಕಿನಲ್ಲಿ ‘ಅರ್ಧ ಗಂಟೆ ಬೇಗ, ಯಾಕೆ?’ ಎಂದು ಬರೆದೆ. ಬರೆದು ಮುಚ್ಚಿಟ್ಟೆ. ಕೇಳಲಿಲ್ಲ. ಎರಡು ಸಲ ಬಿದ್ದದ್ದು ಎದ್ದಿದೆ, ಎಲ್ಲರೂ ನಗುತ್ತಿದ್ದಾರೆ, ಕಲ್ಲು ಹಾಕುವವಳು ನಾನ್ಯಾಕಾಗಲಿ ಎನಿಸಿತು. ಈ ಕಥೆಯಲ್ಲಿ ಹೇಸಿಗೆ ಪಡಬೇಕಾದವರ ಸಾಲಿನಲ್ಲಿ ನನ್ನ ಹೆಸರೂ ಇದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಮಂಗಳವಾರ ಕ್ಲಿನಿಕ್‌ಗಳಿಂದ ಕೆಲವರು ಪರೀಕ್ಷೆ ಮಾಡಿ ನೋಡಲು ಬಂದರು. ಅವರಲ್ಲಿ ಒಬ್ಬಳು ನರ್ಸ್, ಎರಡು ಗಂಟೆ ಕಾರು ಓಡಿಸಿಕೊಂಡು ಬಂದಿದ್ದಳು. ಐವತ್ತು ದಾಟಿದ ಹೆಂಗಸು, ಈ ದೇಶದ ಮೂಲನಿವಾಸಿಗಳಾದ ಮಾವೊರಿ ಜನರವಳು. ಕೂತ ಕೂಡಲೇ ಶೂ ಕಳಚಿಟ್ಟು ಕಾಲು ಮಡಚಿಕೊಂಡಳು, ನಮ್ಮ ಊರಿನ ದೊಡ್ಡಮ್ಮಂದಿರ ಹಾಗೆ. ಪರೀಕ್ಷೆಗೆ ಕೊಟ್ಟ ಪಟ್ಟಿಯನ್ನು ಬದಿಗೆ ತಳ್ಳಿ, ಒಪ್ಪಿಗೆ ತಂದಿದ್ದೇನೆಂದು ಹೇಳಿ ತನ್ನ ಚಿಕ್ಕಮ್ಮನ ದಾಖಲೆ ತೆರೆದಳು. ಮತ್ತೆ ಮುಚ್ಚಿ ತೆರೆದಳು.

“ಸ್ವಲ್ಪ ಬನ್ನಿ ಇಲ್ಲಿ” ಎಂದು ನನ್ನನ್ನು ಕರೆದಳು. “ನಮ್ಮ ಆಂಟಿಗೆ ಪೆನಿಸಿಲಿನ್ ಆಗಲ್ಲ. ಒಂದು ಸಲ ಕೊಟ್ಟಾಗ ಪ್ರಾಣವೇ ಹೋಗೋದರಲ್ಲಿತ್ತು, ನಾನೇ ಆಂಬುಲೆನ್ಸ್‌ನಲ್ಲಿ ಕೂತಿದ್ದೆ. ಇದು ನೋಡಿ ಏನು ಹೇಳುತ್ತೆ.”

ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ‘ಗೊತ್ತಿರುವ ಅಲರ್ಜಿ ಇಲ್ಲ’ ಎಂದಿತ್ತು.

ಮಾಹಿತಿ ಬಂದಿಲ್ಲ ಎಂದಲ್ಲ, ಗೊತ್ತಿಲ್ಲ ಎಂದೂ ಅಲ್ಲ. ಎಚ್ಚರಿಕೆಯ ಸಾಲು ಸಿಗದಿದ್ದರೆ ಹೊಸ ಸಾಫ್ಟ್‌ವೇರು ತಾನಾಗಿಯೇ ಧೈರ್ಯವಾಗಿ ‘ಇಲ್ಲ’ ಎಂದು ಹೇಳುತ್ತಿತ್ತು. ಇನ್ನು ಆರು ದಿನಕ್ಕೆ, ಮುಂದಿನ ಸೋಮವಾರ, ಒಂಬತ್ತು ಊರಿನ ವೈದ್ಯರು ಈ ಪರದೆ ನೋಡಿ ಚೀಟಿ ಬರೆಯಲಿದ್ದರು.

ಮೊದಲು ಮಾಡಬೇಕಿದ್ದ ಕೆಲಸವನ್ನು ನಾಲ್ಕು ದಿನ ತಡವಾಗಿ ಮಾಡಿದೆ. ಹಳೆಯದರಲ್ಲಿ ಎಷ್ಟು ಸಾಲು, ಹೊಸದರಲ್ಲಿ ಎಷ್ಟು ಸಾಲು, ನಾನೇ ಎಣಿಸಿದೆ. ನಾಲ್ಕು ಲಕ್ಷದ ಹದಿನೈದು ಸಾವಿರ ಕಡಿಮೆ. ಐದು ಸಾವಿರದಿಂದ ಭಾಗಿಸಿದರೆ ಸರಿಯಾಗಿ ಎಂಬತ್ತಮೂರು, ಶೇಷವಿಲ್ಲ. ಅಂದರೆ ಎಂಬತ್ತಮೂರು ಬ್ಯಾಚ್‌ಗಳು ಪೂರ್ತಿಯಾಗಿ ಮಾಯವಾಗಿದ್ದವು. ಎರಡನೆಯ ಸಲದ ಜಟಾಪಟಿ ತಪ್ಪಿಸಲು ಗೋಡೆಯ ಹಸಿರು ಪಟ್ಟಿಯ ಲೆಕ್ಕ ಬದಲಿಸಿದ್ದರು, ಈ ಸಲ ಅದು ಎಣಿಸುತ್ತಿದ್ದದ್ದು ಹಳೆಯ ಕಡೆಯಿಂದ ಓದಿದ ಸಾಲುಗಳನ್ನು. ಹೊಸ ಕಡೆ ಬರೆದದ್ದನ್ನಲ್ಲ. ದಡದಿಂದ ಹೊರಟವರನ್ನು ಎಣಿಸಿ, ದಾಟಿದವರೆಂದು ಚಪ್ಪಾಳೆ ಹೊಡೆದಿದ್ದೆವು.

ಲಾಗ್‌ನಲ್ಲಿ ಒಂದು ತಪ್ಪೂ ದಾಖಲಾಗಿರಲಿಲ್ಲ. ಸಾಲುಗಳನ್ನು ತುಂಬುವ ಪ್ರೋಗ್ರಾಂ, ಅಂದರೆ ಸ್ಕ್ರಿಪ್ಟ್, ತೋರಿಸಿ ಎಂದೆ ಹುಬ್ಬಳ್ಳಿಯವನಿಗೆ. ಅವನು ಕಳಿಸಿದ. ಇನ್ನೂರ ಹನ್ನೆರಡನೇ ಸಾಲಿನ ಹತ್ತಿರ ಸಿಕ್ಕಿತು. ನಾಲ್ಕೇ ಸಾಲು. ಬ್ಯಾಚ್ ತುಂಬುವಾಗ ಯಾವುದೇ ತಪ್ಪಾದರೂ ಹಿಡಿದುಕೊ, ಹಿಂದಕ್ಕೆ ತೆಗೆ, ಮುಂದಿನ ಬ್ಯಾಚಿಗೆ ಹೋಗು. ಏನು ತಪ್ಪಾಯಿತೆಂದು ಎಲ್ಲೂ ಬರೆಯುವ ಗೊಡವೆಯಿಲ್ಲ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಒಂದು ಟಿಪ್ಪಣಿ: ‘ತಪ್ಪಾದರೆ ಮುಂದಿನದಕ್ಕೆ ಹೋಗು, ಆಮೇಲೆ ನೋಡೋಣ.’

ಆ ‘ಆಮೇಲೆ’ಯನ್ನು ಎರಡು ಸಲ ಓದಿದೆ. ಚಿಕ್ಕವಳಿದ್ದಾಗ ಕಲ್ಯಾಣ ಮಂಟಪದ ಹಿಂಬದಿಯಲ್ಲಿ ಎಂಜಲೆಲೆಗಳನ್ನು ಜಮಖಾನದಡಿ ತಳ್ಳಿಟ್ಟದ್ದನ್ನು ಒಮ್ಮೆ ತುಳಿದಿದ್ದೆ. ಕಾಲಿಗೆ ಹತ್ತಿದ ಆ ತಣ್ಣನೆಯ ಲೋಳೆ ಥಟ್ಟನೆ ನೆನಪಾಯಿತು.

ಆದರೆ ಬ್ಯಾಚ್ ಬಿದ್ದದ್ದಾದರೂ ಯಾಕೆ? ಆ ನಾಲ್ಕು ಸಾಲು ತೆಗೆದು, ಕಳೆದುಹೋದ ಒಂದು ಬ್ಯಾಚನ್ನು ಡೇಟಾಬೇಸಿನ ನಕಲೊಂದಕ್ಕೆ ಮತ್ತೆ ತುಂಬಿದೆ. ಬಿದ್ದಿತು. ಅರ್ಧ ಮಾಡಿದೆ. ಮೊದಲ ಅರ್ಧ ಹೋಯಿತು, ಎರಡನೆಯದು ಬಿದ್ದಿತು. ಬಿದ್ದದ್ದನ್ನು ಮತ್ತೆ ಅರ್ಧ ಮಾಡಿದೆ. ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಹುಡುಕುವ ಕೆಲಸ. ಐದು ಸಾವಿರದಲ್ಲಿ ಒಂದು ಕಲ್ಲಿದ್ದರೆ ಹದಿಮೂರು ಸಲ ಕೇರುವುದರೊಳಗೆ ಸಿಕ್ಕೇ ಸಿಗುತ್ತದೆ. ಸಿಕ್ಕಿತು. ಒಂದು ಉದ್ದನೆಯ ಮಾವೊರಿ ಹೆಸರು.

ಎಚ್ಚರಿಕೆಯ ಪ್ರತಿ ಸಾಲಿನಲ್ಲೂ ಲೇಬಲ್ ಮುದ್ರಿಸಲೆಂದು ರೋಗಿಯ ಹೆಸರಿನ ನಕಲೊಂದನ್ನು ಇಟ್ಟಿದ್ದರು, ಅದಕ್ಕೆ ನಲವತ್ತು ಬೈಟ್ ಜಾಗ. ಸಾದಾ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಮಾವೊರಿಯಲ್ಲಿ ಸ್ವರ ದೀರ್ಘವಾದರೆ ಅಕ್ಷರದ ಮೇಲೆ ಒಂದು ಗೆರೆ ಎಳೆಯುತ್ತಾರೆ, ಆ ಗೆರೆಯಿರುವ ಅಕ್ಷರಕ್ಕೆ ಎರಡು ಬೈಟ್ ಬೇಕು. ಮೂವತ್ತಾರು ಅಕ್ಷರದ ಹೆಸರಿನಲ್ಲಿ ಐದು ಗೆರೆ ಇದ್ದರೆ ನಲವತ್ತೊಂದಾಯಿತು. ಒಂದು ಬೈಟ್ ಹೆಚ್ಚು. ಆ ಒಂದು ಸಾಲು ಹಿಡಿಸದೆ ಟ್ರಾನ್ಸಾಕ್ಷನ್ ಬಿತ್ತು, ಅದರ ಜೊತೆ ಅದೇ ದೋಣಿಯಲ್ಲಿದ್ದ ಉಳಿದ ನಾಲ್ಕು ಸಾವಿರದ ಒಂಬೈನೂರ ತೊಂಬತ್ತೊಂಬತ್ತೂ ವಾಪಸು ಬಂದವು. ನರ್ಸಿನ ಚಿಕ್ಕಮ್ಮನ ಹೆಸರು ಚಿಕ್ಕದೇ. ಅವಳ ಸಾಲು ಇದ್ದದ್ದು ಅಂಥದೊಂದು ಬ್ಯಾಚಿನಲ್ಲಿ, ಅಷ್ಟೇ.

ಬುಧವಾರ ಬೆಳಿಗ್ಗೆ ಹುಬ್ಬಳ್ಳಿಯವನನ್ನು ಆಫೀಸಿನ ಅಡುಗೆಕೋಣೆಗೆ ಕರೆದೆ. ಬಾಗಿಲು ಹಾಕಿದ ಅವನು. ಉಳಿದ ಕೇಕು ಇನ್ನೂ ಅಲ್ಲೇ ಇತ್ತು, ಹಸಿರು ಕ್ರೀಮು ಬೆವತಿತ್ತು.

“ಆ ನಾಲ್ಕು ಸಾಲು ನೀವೇ ಬರೆದದ್ದಾ?”

“ಹೌದ್ರಿ.”

“ಬ್ಯಾಚ್ ಬೀಳ್ತಿದೆ ಅಂತ ಗೊತ್ತಿತ್ತಾ?”

“ಒಂದೆರಡು ಬೀಳ್ತಾವ ಅನ್ಕೊಂಡಿದ್ದೆ. ಎಂಬತ್ತಮೂರು ಅಂತ ಖರೇನ ಗೊತ್ತಿರಲಿಲ್ರಿ.” ಅವನು ಸಿಂಕಿನ ಕಡೆ ನೋಡುತ್ತಿದ್ದ. “ಎರಡು ಸಲ ಬಿದ್ದಿತ್ತಲ್ರಿ ಮೇಡಮ್. ಮೂರನೇ ಸಲನೂ ಬಿದ್ರ ನನ್ನ ತಗದ ಹಾಕ್ತಿದ್ರು. ನನ್ನ ವೀಸಾ ಈ ಕಂಪನಿ ಮ್ಯಾಲ ಐತಿ. ಇಲ್ಲೇ ಕಾಯಂ ಇರಾಕ ರೆಸಿಡೆನ್ಸ್ ಅರ್ಜಿ ಹಾಕೀನಿ, ಇನ್ನೂ ಬಂದಿಲ್ಲ. ಮಗಳು ಇಲ್ಲೇ ಸಾಲಿಗೆ ಹೋಗ್ತಾಳ, ಈಗ ಕನ್ನಡದಾಗ ಕೇಳಿದ್ರ ಇಂಗ್ಲಿಷ್‌ನಾಗ ಉತ್ತರ ಕೊಡ್ತಾಳ. ಅಕಿನ್ನ ಎಲ್ಲಿ ಕರ್ಕೊಂಡು ಹೋಗ್ಲಿ?”

“ಅದಕ್ಕೆ ಜನರ ಅಲರ್ಜಿ ಅಳಿಸಿಬಿಡೋದಾ?”

“ಅಳಿಸಿಲ್ರಿ. ಬಿಟ್ಟೈತಿ. ಆಮ್ಯಾಲ ತುಂಬಬಹುದು. ಸೋಮವಾರ ಆಗ್ಲಿ, ಒಂದೆರಡು ವಾರದಾಗ ನಾನ ಸದ್ದಿಲ್ದಂಗ ತುಂಬಿ ಕೊಡ್ತೀನಿ.” ದನಿ ತಗ್ಗಿಸಿದ. “ಇಲ್ಲಿ ಇಷ್ಟ ಮಂದಿಯೊಳಗ ನೀವೊಬ್ರ ನಮ್ಮೋರು. ನೀವ ಹಿಂಗ ಅಂದ್ರ ಹ್ಯಾಂಗ್ರಿ?”

ಅವನ ಭಯ ನನಗೆ ಅರ್ಥವಾಯಿತು. ಅದೇ ಭಯದಲ್ಲಿ ನಾನೂ ಮೂರು ವರ್ಷ ಕಳೆದಿದ್ದೇನೆ. ಆದರೆ ಆ ‘ನಮ್ಮೋರು’ ಎಂಬ ಮಾತು ಮೈಮೇಲೆ ಹಲ್ಲಿ ಬಿದ್ದಂತಾಯಿತು. ಈ ಊರಿನಲ್ಲಿ ಆಸೆಪಟ್ಟು ಕಿವಿಗೊಟ್ಟು ಕೇಳುವ ಭಾಷೆ ಅದು. ಅದನ್ನು ಕದ್ದ ಮಾಲಿನ ಮೇಲೆ ಹೊದಿಸುವ ಗೋಣಿತಾಟಿನಂತೆ ಅವನು ಚಾಚಿ ಹಿಡಿದಿದ್ದ.

“ಆ ಒಂದೆರಡು ವಾರದಲ್ಲಿ ಯಾರಿಗಾದರೂ ಪೆನಿಸಿಲಿನ್ ಕೊಟ್ಟರೆ?” ಎಂದೆ.

ನಾನು ಫ್ರಿಜ್ಜು ತೆಗೆದು, ಶೇಂಗಾ ಹಿಂಡಿಯ ಡಬ್ಬಿಯನ್ನು ಅವನ ಕೈಗೆ ಕೊಟ್ಟು ಹೊರಗೆ ಬಂದೆ. ಸಣ್ಣತನದ ಕೆಲಸ. ಆದರೂ ಮಾಡಿದೆ.

ಮ್ಯಾನೇಜರಿಗೆ ಹೇಳಿದಾಗ ಅವನು ಒಂದು ಚೂರೂ ಬೆಚ್ಚಲಿಲ್ಲ. ಲೇಬಲ್ಲಿನ ಜಾಗ ದೊಡ್ಡದು ಮಾಡಿದರೆ ಮುದ್ರಣದ ಪ್ರೋಗ್ರಾಮನ್ನೂ ಬದಲಿಸಬೇಕು, ಅದಕ್ಕೆ ಮೂರು ವಾರ ಬೇಕೆಂದು ಕಂಪನಿ ಹೇಳಿತು. ಗುರುವಾರದ ಸಭೆಯಲ್ಲಿ ಮ್ಯಾನೇಜರ್ ತನ್ನ ಉಪಾಯ ಮುಂದಿಟ್ಟ.

“ಸಿಂಪಲ್. ಹೆಸರುಗಳ ಮೇಲಿನ ಆ ಸಣ್ಣ ಗೆರೆಗಳನ್ನ ತೆಗೆದುಬಿಡೋಣ. ಎಲ್ಲ ನಲವತ್ತರೊಳಗೆ ಕೂರುತ್ತೆ, ಸೋಮವಾರ ಸೋಮವಾರವೇ ಇರುತ್ತೆ. ಗೆರೆ ಇಲ್ಲದಿದ್ರೆ ಯಾರಿಗೂ ನಷ್ಟ ಇಲ್ವಲ್ಲ?”

ಸಭೆಗೆ ನರ್ಸ್ ಕೂಡ ಬಂದಿದ್ದಳು. ಅವಳು ಮೇಜಿನ ಮೇಲಿದ್ದ ಬಿಸ್ಕತ್ತಿನ ತಟ್ಟೆ ನೋಡಿ ಕೇಳಿದಳು, “ಹೋದ ಶುಕ್ರವಾರ ನೀವೆಲ್ಲ ಕೇಕ್ ತಿಂದ್ರಂತೆ?”

“ಹೌದು” ಎಂದು ನಕ್ಕ ಮ್ಯಾನೇಜರ್.

“ನಮ್ಮ ಭಾಷೆಯಲ್ಲಿ ‘ಕೆಕೆ’ ಅಂದ್ರೆ ಕೇಕು. ಗೆರೆ ಹಾಕಿ ‘ಕೇಕೇ’ ಅಂದ್ರೆ ಕಂಕುಳು. ಗೆರೆಯಿಂದ ನಷ್ಟ ಇಲ್ಲ ಅಂದ್ರೆ, ಮುಂದಿನ ಸಲ ಎರಡರಲ್ಲಿ ಯಾವುದು ಬೇಕಾದ್ರೂ ತಿನ್ನಿ.”

ನನಗೆ ವಿವರಣೆ ಬೇಕಿರಲಿಲ್ಲ. ಅಳು ಎಂಬುದಕ್ಕೆ ದೀರ್ಘ ಕೊಟ್ಟರೆ ಆಳು ಆಗುವ ಭಾಷೆಯಲ್ಲಿ ಹುಟ್ಟಿದವಳು ನಾನು. ಮೇಜಿನ ಆಚೆ ಕೂತಿದ್ದ ಹುಬ್ಬಳ್ಳಿಯವನಿಗೂ ಬೇಕಿರಲಿಲ್ಲ. ಅವನು ತಲೆ ಎತ್ತಲಿಲ್ಲ.

ಮ್ಯಾನೇಜರ್ ಪರೀಕ್ಷೆಯ ಹಾಳೆಯನ್ನು ನನ್ನ ಮುಂದೆ ಸರಿಸಿದ. “ಷರತ್ತಿನ ಮೇಲೆ ಸಹಿ ಹಾಕಿ ಸಾಕು. ‘ಸಣ್ಣಪುಟ್ಟ ದೋಷಗಳಿವೆ, ಮುಂದೆ ಸರಿಪಡಿಸಲಾಗುವುದು’ ಅಂತ.”

“ಹಾಕಲ್ಲ” ಎಂದೆ.

“ಯೋಚನೆ ಮಾಡಿ. ಒಂಬತ್ತು ಕ್ಲಿನಿಕ್ ಕಾಯ್ತಿವೆ.”

“ಯೋಚನೆ ಶುಕ್ರವಾರವೇ ಮಾಡಬೇಕಿತ್ತು. ಅವತ್ತು ಅರ್ಧ ಗಂಟೆ ಕಡಿಮೆ ಬಂದದ್ದು ನೋಡಿಯೂ ಸುಮ್ಮನಿದ್ದೆ. ಅದನ್ನೂ ಬರೆದುಕೊಳ್ಳಿ.”

ಎದ್ದವಳೇ ಮೆಟ್ಟಿಲಿಳಿದು, ಕ್ಲಿನಿಕ್‌ಗಳ ಪರವಾಗಿ ರೋಗಿಗಳ ಸುರಕ್ಷತೆಯ ಹೊಣೆ ಹೊತ್ತಿದ್ದ ಹಿರಿಯ ವೈದ್ಯೆಗೆ ಟೈರ್ ಅಂಗಡಿಯ ಮುಂದೆ ನಿಂತು ಫೋನ್ ಮಾಡಿದೆ. ಮ್ಯಾನೇಜರನ್ನು ದಾಟಿ ಹೋಗುವುದು ಇಲ್ಲಿ ಒಳ್ಳೆಯ ನಡತೆಯೆನಿಸುವುದಿಲ್ಲ, ನನ್ನ ಮುಂದಿನ ಕೆಲಸಗಳಿಗೆ ಅವನ ಮಾತೇ ಬೇಕಿತ್ತು. ಒಳಗೆ ಯಾರೋ ಚಕ್ರದ ನಟ್ಟು ಬಿಚ್ಚುತ್ತಿದ್ದರು, ಆ ಕಿರ್ರೆನ್ನುವ ಸದ್ದಿನ ನಡುವೆ ಕೂಗಿ ಹೇಳಬೇಕಾಯಿತು. ಪೆನಿಸಿಲಿನ್ ಎಚ್ಚರಿಕೆ ಕಳೆದುಹೋದ ರೋಗಿಗಳು ಎಷ್ಟು ಎಂದು ಕೇಳಿದರು. ಹೇಳಿದೆ.

“ಪರದೆ ‘ಇಲ್ಲ’ ಅಂತ ತೋರಿಸುತ್ತಾ? ಖಾಲಿ ಬಿಡಲ್ವಾ?”

“‘ಇಲ್ಲ’ ಅಂತಲೇ ತೋರಿಸುತ್ತೆ ಡಾಕ್ಟ್ರೇ. ಹಸಿರು ಅಕ್ಷರದಲ್ಲಿ.”

“ಸೋಮವಾರ ಇಲ್ಲ” ಎಂದರು ಆಕೆ. “ನಾನು ಈಗಲೇ ಬರೆದು ಕಳಿಸ್ತೀನಿ.”

ಮುಂದಿನ ಮೂರು ವಾರ ನಾನು ಮತ್ತು ಹುಬ್ಬಳ್ಳಿಯವನು ಒಂದೇ ಮೇಜಿನಲ್ಲಿ ಕೂತು ಕೆಲಸ ಮಾಡಿದೆವು, ಇಂಗ್ಲಿಷಿನಲ್ಲಿ. ಹೆಸರಿನ ಜಾಗವನ್ನು ಬೈಟಿನ ಬದಲು ಅಕ್ಷರದ ಲೆಕ್ಕಕ್ಕೆ ತಂದು ದೊಡ್ಡದು ಮಾಡಿಸಿದೆವು. ಎಲ್ಲ ಸಾಲುಗಳನ್ನೂ ಮೊದಲು ಒಂದು ತಾತ್ಕಾಲಿಕ ಟೇಬಲ್ಲಿಗೆ ತಂದು, ಅಲ್ಲೇ ಅಳತೆ, ದಿನಾಂಕ, ನಕಲು ಎಲ್ಲ ಪರೀಕ್ಷಿಸಿದೆವು. ಬ್ಯಾಚ್ ಬಿದ್ದರೆ ಸ್ಕ್ರಿಪ್ಟೇ ಅದನ್ನು ಅರ್ಧರ್ಧ ಮಾಡುತ್ತಾ ಹೋಗಿ ಕೆಟ್ಟ ಸಾಲನ್ನು ಹಿಡಿದು, ಕಾರಣದ ಸಮೇತ ಬೇರೆ ಟೇಬಲ್ಲಿನಲ್ಲಿ ಇಡಬೇಕು, ಒಳ್ಳೆಯ ಸಾಲುಗಳು ಮುಂದೆ ಹೋಗಬೇಕು. ಪ್ರತಿ ಬ್ಯಾಚಿನ ಕೊನೆಗೆ ಓದಿದ್ದು ಎಷ್ಟು, ಬರೆದದ್ದು ಎಷ್ಟು, ಹೊರಗಿಟ್ಟದ್ದು ಎಷ್ಟು ಎಂದು ತಾಳೆ ನೋಡಬೇಕು. ಒಂದು ಸಾಲು ವ್ಯತ್ಯಾಸ ಬಂದರೂ ಅಲ್ಲೇ ನಿಂತು ಕೂಗಬೇಕು. ಅಲರ್ಜಿಯ ಸಾಲು ಸಿಗದಿದ್ದರೆ ಪರದೆ ‘ಮಾಹಿತಿ ಇಲ್ಲ’ ಎನ್ನಬೇಕು ಎಂದು ವೈದ್ಯೆ ಪಟ್ಟು ಹಿಡಿದು ಮಾಡಿಸಿದರು. ಅರ್ಧರ್ಧ ಮಾಡುವ ಭಾಗವನ್ನು ಅವನೇ ಬರೆದ. ಅಚ್ಚುಕಟ್ಟಾಗಿತ್ತು. ಬರುವ ಕೆಲಸವನ್ನು ಬೇಕೆಂದೇ ಕೆಟ್ಟದಾಗಿ ಮಾಡಿದ್ದನಲ್ಲ ಎಂದು ನನಗೆ ಇನ್ನಷ್ಟು ಅಸಹ್ಯವಾಯಿತು.

ಗೋಡೆಯ ಪರದೆಯ ವೈರನ್ನು ನಾನೇ ಕಿತ್ತೆ.

ಶನಿವಾರ ಬೆಳಿಗ್ಗೆ ಏಳಕ್ಕೆ ಶುರುವಾದ ಓಟ ಮಧ್ಯಾಹ್ನ ಎರಡಕ್ಕೆ ಮುಗಿಯಿತು. ಹೊರಗುಳಿದದ್ದು ಮೂವತ್ತೇಳು ಸಾಲು. ಎಲ್ಲವೂ ಒಂದೇ ಬಗೆಯವು: ಒಬ್ಬನೇ ಮನುಷ್ಯ ಎರಡು ಕ್ಲಿನಿಕ್‌ಗಳಲ್ಲಿ ಹೆಸರು ಬರೆಸಿದ್ದ, ಒಂದು ಕಡೆ ಅಲರ್ಜಿ ಇದೆ ಎಂದಿತ್ತು, ಇನ್ನೊಂದು ಕಡೆ ಇಲ್ಲ ಎಂದಿತ್ತು. ಇದನ್ನು ಯಾವ ಸ್ಕ್ರಿಪ್ಟೂ ತೀರ್ಮಾನಿಸಲಾಗದು. ಮೂವತ್ತೇಳು ಜನರನ್ನೇ ಕೇಳಬೇಕು. ಸೋಮವಾರ ನರ್ಸ್ ಬಂದು, ಶೂ ಕಳಚಿ, ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು ಒಬ್ಬೊಬ್ಬರಿಗೇ ಕರೆಮಾಡತೊಡಗಿದಳು. ಎರಡೂ ಕ್ಲಿನಿಕ್‌ಗಳ ದಾಖಲೆ ಅವಳಿಗೆ ತೆಗೆದು ತೋರಿಸಲು ನಾವಿಬ್ಬರೂ ಪಕ್ಕದಲ್ಲಿದ್ದೆವು.

ಒಬ್ಬ ಮುದುಕ ಎತ್ತಿಕೊಂಡ. ಸಲ್ಫಾ ಗುಂಪಿನ ಯಾವುದೋ ಮಾತ್ರೆಯ ವಿಷಯ.

“ಯಾವ ಮಾತ್ರೆ ಅಂತ ನನಗೆಲ್ಲಿ ಗೊತ್ತಮ್ಮಾ. ಅದೆಲ್ಲ ನನ್ನ ಹೆಂಡತಿ ನೋಡಿಕೊಳ್ಳುತ್ತಿದ್ದಳು. ಅವಳು ಹೋದ ವರ್ಷ ಹೋಗಿಬಿಟ್ಟಳು” ಎಂದ ಅವನು. ಆಮೇಲೆ, “ಇರು, ಬರೆದಿಟ್ಟಿದ್ದಾಳೆ. ಲೈನ್‌ನಲ್ಲೇ ಇರು.”

ಚಪ್ಪಲಿ ಎಳೆದುಕೊಂಡು ಹೋಗುವ ಸದ್ದು ಕೇಳಿಸಿತು. ಡ್ರಾಯರು ಎಳೆದದ್ದು, ಮುಚ್ಚಿದ್ದು, ಇನ್ನೊಂದು ಎಳೆದದ್ದು. ನಾಯಿಗೆ ಏನೋ ಗದರಿದ. ನಾಲ್ಕೈದು ನಿಮಿಷವಾಗಿರಬೇಕು. ಕೊನೆಗೆ ಬಂದು ಹೆಂಡತಿಯ ಅಕ್ಷರವನ್ನು ಒಂದೊಂದಾಗಿ ಓದಿದ. ನರ್ಸ್ ಒಂದೊಂದಾಗಿ ಬರೆದುಕೊಂಡಳು. “ಕೆಳಗೆ ಎರಡು ಗೆರೆ ಎಳೆದಿದ್ದಾಳೆ. ಅದನ್ನೂ ಬರೆದುಕೋ, ಮುಖ್ಯ ಇರಬೇಕು” ಎಂದ.

ಹುಬ್ಬಳ್ಳಿಯವನು ಎದ್ದು ಹೊರಗೆ ಹೋದ.

ನನ್ನ ಗುತ್ತಿಗೆ ಆ ಶುಕ್ರವಾರಕ್ಕೆ ಮುಗಿಯುವುದಿತ್ತು. ಅಷ್ಟರಲ್ಲಿ ಮ್ಯಾನೇಜರ್ ಮುಕ್ತಾಯ ವರದಿ ಕಳಿಸಿದ. ವಿಳಂಬಕ್ಕೆ ಕಾರಣ ಎಂಬಲ್ಲಿ ‘ಕೆಲವು ಅಸಾಮಾನ್ಯ ಹೆಸರುಗಳು’ ಎಂದಿತ್ತು. ಓದಿ ಬಾಯಿ ಕಹಿಯಾಯಿತು. ಹೆಸರುಗಳಿಗಿಂತ ನೂರಾರು ವರ್ಷ ಆಮೇಲೆ ಹುಟ್ಟಿದ ನಲವತ್ತು ಬೈಟು ಸಾಮಾನ್ಯ, ಈ ನೆಲದ ಹೆಸರು ಅಸಾಮಾನ್ಯ. ಆ ಸಾಲು ಹೊಡೆದುಹಾಕಿ, ಸ್ಕ್ರಿಪ್ಟಿನ ನಾಲ್ಕು ಸಾಲುಗಳನ್ನು ಇದ್ದ ಹಾಗೆಯೇ ನಕಲು ಮಾಡಿ ಅಂಟಿಸಿ, ಕೆಳಗೆ ನನ್ನ ‘ಅರ್ಧ ಗಂಟೆ ಬೇಗ, ಯಾಕೆ?’ಯನ್ನೂ ಸೇರಿಸಿ ವಾಪಸು ಕಳಿಸಿದೆ. ಧಾಟಿ ಸ್ವಲ್ಪ ಕಠಿಣವಾಯಿತು ಎಂದು ಉತ್ತರ ಬಂತು. ಕೊನೆಗೆ ಅವನ ವರದಿಯೇ ಫೈಲಿಗೆ ಹೋಯಿತು. ನನ್ನದು ವೈದ್ಯೆಯ ಬಳಿ ಇದೆ.

ಶುಕ್ರವಾರ ಮಧ್ಯಾಹ್ನ ನಾನು ಸಾಮಾನು ಕಾರಿಗೆ ಹಾಕುತ್ತಿದ್ದಾಗ ಹುಬ್ಬಳ್ಳಿಯವನು ಹಿಂದೆಯೇ ಬಂದ. ನಾಲ್ಕು ವಾರದ ಮೇಲೆ ಮೊದಲ ಸಲ ಕನ್ನಡದಲ್ಲಿ ಮಾತಾಡಿದ.

“ಮೇಡಮ್, ಒಂದು ಮಾತು ಹೇಳಬೇಕಿತ್ರಿ.”

“ಹೇಳಿ.”

“ಹೋದ ವರ್ಷ ದಕ್ಷಿಣದ ಕಡೆ ಇನ್ನೊಂದು ಕ್ಲಿನಿಕ್ ಗುಂಪಿಗೆ ನಾನ ತುಂಬಿಕೊಟ್ಟಿದ್ದೆ. ಅಲ್ಲೂ ಇದ ಸ್ಕ್ರಿಪ್ಟು. ನೀವು ಬ್ಯಾಚ್ ಮಾಡ್ರಿ ಅಂದಾಗ ಅದನ್ನ ತಗದು ಹಾಕಿದೆ, ಆ ನಾಲ್ಕು ಸಾಲು ಅಲ್ಲಿಂದನ ಬಂದಿದ್ದು.”

ನನ್ನ ಕೈಯಲ್ಲಿದ್ದ ಪೆಟ್ಟಿಗೆ ಕೆಳಗಿಟ್ಟೆ. “ಅಲ್ಲಿ ಈಗ ನಡೀತಿದೆಯಾ? ಡಾಕ್ಟ್ರುಗಳು ಬಳಸ್ತಿದಾರಾ?”

“ವರ್ಷ ಆತ್ರಿ.”

“ಅಲ್ಲಿ ಎಣಿಸಿ ನೋಡಿದವರು ಯಾರು?”

“ಯಾರೂ ಇಲ್ರಿ. ನಿಮ್ಮಂಥೋರು ಯಾರೂ ಇರಲಿಲ್ಲ ಅಲ್ಲಿ.”

ಅವನ ಮೇಲೆ ಕೂಗಾಡಬೇಕೆನಿಸಿತು. ಆದರೆ ಅವನ ಮುಖ ಬೂದಿಯ ಹಾಗಿತ್ತು. “ಆ ಮುದುಕನ ಫೋನ್ ಆದ ದಿನದಿಂದ ಊಟ ಸೇರವಲ್ದು” ಎಂದ. “ಬರೀಬೇಕು ಅಂತ ಕುಂದರ್ತೀನಿ, ಆಗವಲ್ದು. ಅರ್ಜಿ ಇನ್ನೂ ಅಲ್ಲೇ ಐತ್ರಿ.”

“ಈಗಲೇ ಬರೀರಿ. ನನ್ನೆದುರಿಗೆ.”

“ಆಗವಲ್ದ್ರಿ ಮೇಡಮ್.” ಅವನು ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡ.

ಕಾರಿನ ಬಾಗಿಲು ತೆಗೆದು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತೆ. ಆ ಗುಂಪಿನ ಸುರಕ್ಷತಾ ವಿಭಾಗಕ್ಕೆ, ನಮ್ಮ ವೈದ್ಯೆಗೆ, ಅವನ ಕಂಪನಿಗೆ, ಮೂವರಿಗೂ ಒಂದೇ ಪತ್ರ. ಯಾವ ಸ್ಕ್ರಿಪ್ಟು, ಯಾವ ನಾಲ್ಕು ಸಾಲು, ಹೇಗೆ ಎಣಿಸಿ ನೋಡಬೇಕು, ವ್ಯತ್ಯಾಸ ಐದು ಸಾವಿರದಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಬರೆದವನ ಹೆಸರನ್ನೂ ಬರೆದೆ. ಬರೆಯದೆ ಬಿಡಲು ಕಾರಣ ಹುಡುಕಿದೆ, ಸಿಗಲಿಲ್ಲ. ಅವನು ಕಿಟಕಿಯ ಆಚೆ ಬಗ್ಗಿ ನಿಂತು ಪ್ರತಿ ಸಾಲನ್ನೂ ಓದುತ್ತಿದ್ದ. ತನ್ನ ಹೆಸರು ಬಂದಾಗ ಕಣ್ಣು ಮುಚ್ಚಿ ತೆರೆದ, ತಡೆಯಲಿಲ್ಲ. ಕಳಿಸುವ ಗುಂಡಿಯ ಮೇಲೆ ನಾನು ಬೆರಳಿಟ್ಟಾಗ ಒಳಗೆ ಕೈ ಚಾಚಿದ.

“ಇರ್ರಿ. ಐದು ಸಾವಿರ ತಪ್ಪೈತಿ. ಅಲ್ಲಿ ಎರಡೆರಡು ಸಾವಿರದ ಬ್ಯಾಚ್ ಮಾಡಿದ್ದೆ. ಐದು ಅಂತ ಬರದ್ರ ಅವರಿಗೆ ಲೆಕ್ಕ ಹತ್ತಂಗಿಲ್ಲ.”

ಐದು ಅಳಿಸಿ ಎರಡು ಎಂದು ಬರೆದೆ. ಅವನು ಮತ್ತೊಮ್ಮೆ ಓದಿ, “ಈಗ ಸರಿ ಐತ್ರಿ” ಎಂದ. ಕಳಿಸಿದೆ.

ಹತ್ತು ನಿಮಿಷದಲ್ಲಿ ದಕ್ಷಿಣದ ಆ ಗುಂಪಿನಿಂದ ನನಗೆ ಫೋನ್ ಬಂತು. ನನ್ನನ್ನಲ್ಲ, ಅವನನ್ನು ಕೇಳಿದರು, ಫೋನು ಅವನ ಕೈಗೆ ಕೊಟ್ಟೆ. ಅವನು ಟೈರ್ ಅಂಗಡಿಯ ಗೋಡೆಗೆ ಒರಗಿ, ಒಂದು ಕಿವಿ ಮುಚ್ಚಿಕೊಂಡು, ಬ್ಯಾಚ್‌ಗಳ ಗುರುತು ಎಲ್ಲಿ ಸಿಗುತ್ತದೆ, ಮೊದಲು ಯಾವುದನ್ನು ನೋಡಬೇಕು ಎಂದು ಒಂದೊಂದಾಗಿ ಹೇಳತೊಡಗಿದ. ಆ ಕಡೆಯವರಿಗೆ ಕೇಳಿಸಲಿಲ್ಲವೆಂದು ತೋರುತ್ತದೆ, ಅವನು ತನ್ನ ಹೆಸರನ್ನು ಇನ್ನೊಮ್ಮೆ, ಅಕ್ಷರ ಬಿಡಿಸಿ, ಗಟ್ಟಿಯಾಗಿ ಹೇಳಿದ.